ಕಡೂರು ಲಡಾಖ್ ಅಲ್ಲ ಕಣ್ರೀ!

ತುಂಬಾ ದಿನ ಆಗಿತ್ತು ಇಲ್ಲಿ ಏನಾದ್ರೂ ಬರೆದು. ಆಫೀಸಲ್ಲಿ ರಿಲೀಸು, ಅದೂ ಇದೂ. ಇವತ್ತು ಬರೆಯೋಕೆ ಕೂತಿರೋದಕ್ಕೆ ಕಾರಣ ಒಂದೇ: ಸಿಟ್ಟು.

ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಬೆಂಗಳೂರಲ್ಲಿ ಎಲ್ಲರೂ 'ಓಹ್, ಕಾಫಿ ತೋಟನಾ?' ಅಂತಾರೆ. ಅಲ್ಲ ಸ್ವಾಮಿ, ಕಡೂರು ಬಯಲುಸೀಮೆ. ತೆಂಗು, ರಾಗಿ, ಬಿಸಿಲು. ಬೆಳಗಿನ ಜಾವ ಐದಕ್ಕೆ ಅಂಗಳದಲ್ಲಿ ಚಿಕ್ಕಪ್ಪನ ಡೀಸೆಲ್ ಪಿಕಪ್ ಸ್ಟಾರ್ಟ್ ಆದ ಸದ್ದಿಗೆ ಎಚ್ಚರ ಆಯ್ತು. ತಿಪಟೂರಿಗೆ ಕೊಬ್ಬರಿ ಲೋಡು. ಸ್ಟಾರ್ಟ್ ಮಾಡಿ, ಚಕ್ರಕ್ಕೊಂದು ಕಲ್ಲು ಕೊಟ್ಟು, ಚಿಕ್ಕಪ್ಪ ಹಲ್ಲುಜ್ಜೋಕೆ ಹೋದರು. ಆಮೇಲೆ ಸ್ನಾನ. ಆಮೇಲೆ ಕಾಫಿ. ಗಾಡಿ ಮಾತ್ರ ನಿಂತಲ್ಲೇ ಗುಡುಗುಡು ಅಂತ 25 ನಿಮಿಷ.

ಅಂಗಳಕ್ಕೆ ಹೊಂದಿಕೊಂಡ ರೂಮಲ್ಲಿ ಅಜ್ಜಿ ಮಲಗ್ತಾಳೆ. ಅವಳಿಗೆ ಉಬ್ಬಸ. ಹಳೇ ಕಿಟಕಿ, ಸರಿಯಾಗಿ ಮುಚ್ಚಲ್ಲ. ನಾನು ಹೋಗಿ ನೋಡಿದಾಗ ಎದ್ದು ಕೂತು, ಸೆರಗು ಮೂಗಿಗೆ ಹಿಡ್ಕೊಂಡು ಕೆಮ್ತಾ ಇದ್ಲು. ನನ್ನ ಕಣ್ಣೂ ಉರೀತಿತ್ತು.

'ಚಿಕ್ಕಪ್ಪಾ, ಆಫ್ ಮಾಡಬಾರದಾ?' ಅಂದೆ.

'ಚಳಿಗಾಲ ಕಣೋ, ಇಂಜಿನ್ ಬಿಸಿ ಆಗ್ಬೇಕು. ಇಲ್ಲಾಂದ್ರೆ ಇಂಜಿನ್ ಕೆಲಸಕ್ಕೆ ಬರುತ್ತೆ. ನಿನ್ನ ಕಂಪ್ಯೂಟರ್ರೂ ಆನ್ ಮಾಡಿದ ತಕ್ಷಣ ಓಡುತ್ತಾ?'

ಒಳ್ಳೇ ಏಟು. ಆದ್ರೆ ಚಿಕ್ಕಪ್ಪಾ, ನನ್ನ ಲ್ಯಾಪ್‌ಟಾಪ್ ಬೂಟ್ ಆಗೋಕೆ ಅರ್ಧ ನಿಮಿಷ ಸಾಕು, ಅರ್ಧ ಗಂಟೆ ಅಲ್ಲ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಮೊದಲ ವರ್ಷದ ಮೆಕ್ಯಾನಿಕಲ್ ಪೇಪರನ್ನ ಎರಡನೇ ಸಲ ಕಟ್ಟಿ ಪಾಸಾದವನು (ಹಾಗಾಗಿ ಎರಡೆರಡು ಸಲ ಓದಿದೀನಿ ಅನ್ನಬಹುದು). ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ನು ಗಾಳೀನ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಅಮುಕುತ್ತೆ, ಗಾಳಿ 500 ಡಿಗ್ರಿ ದಾಟುತ್ತೆ, ಡೀಸೆಲ್ ತಾನಾಗೇ ಹೊತ್ಕೊಳ್ಳುತ್ತೆ. ನಮ್ಮೂರ ಡಿಸೆಂಬರ್ ಬೆಳಗ್ಗೆ ಅಂದ್ರೆ 13-14 ಡಿಗ್ರಿ. ಅದಕ್ಕೆ ಹೆದರೋ ಇಂಜಿನ್ ಅಲ್ಲ ಅದು. ಆಯಿಲ್ ಡಬ್ಬದ ಮೇಲೆ 15ಡಬ್ಲ್ಯೂ-40 ಅಂತ ಇರುತ್ತಲ್ಲ, ಆ ಡಬ್ಲ್ಯೂ ಅಂದ್ರೆ ವಿಂಟರ್. ಆ 15ರ ದರ್ಜೆ ಸಿಗೋಕೆ ಆಯಿಲನ್ನ ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರ್ತಾರೆ. ಕಡೂರಿನ ಚಳಿ ಅದರ ಲೆಕ್ಕಕ್ಕೇ ಇಲ್ಲ.

ನಿಜವಾದ ತಮಾಷೆ ಬೇರೆ ಇದೆ. ನಿಂತಲ್ಲೇ ಓಡೋ ಡೀಸೆಲ್ ಇಂಜಿನ್ ಬಿಸಿಯೇ ಆಗಲ್ಲ! ಐಡ್ಲಿಂಗಲ್ಲಿ ಉರಿಯೋ ಡೀಸೆಲ್ ಚೂರೇ ಚೂರು, ಒಳಗೆ ಬರೋ ಗಾಳಿ ಸಿಕ್ಕಾಪಟ್ಟೆ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯಲ್ಲ. ಬೆಳಗ್ಗೆ ಕಾಣೋ ಬಿಳೀ ಹೊಗೆ ಇದೆಯಲ್ಲ, ಅದು ಉರಿಯದೇ ಹೊರಗೆ ಬಂದ ಡೀಸೆಲ್ಲು. ಕಣ್ಣು ಉರಿಸೋದು ಅದೇ. ಒಳಗೇ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತೆ. ಇಂಜಿನ್ ಉಳಿಸೋಕೆ ಅಂತ ಮಾಡೋ ಉಪಾಯವೇ ಇಂಜಿನ್ ತಿನ್ನುತ್ತೆ. ಜೊತೆಗೆ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಟೈರು.. ಇವೆಲ್ಲ ನಿಂತಲ್ಲಿ ಹೇಗೆ ಬಿಸಿ ಆಗ್ತವೆ? ಸ್ಟಾರ್ಟ್ ಮಾಡಿ ಅರ್ಧ ನಿಮಿಷ, ಹೆಚ್ಚಂದ್ರೆ ಒಂದು ನಿಮಿಷ ಬಿಡಿ, ಆಯಿಲ್ ಮೇಲಕ್ಕೆ ಹೋಗಲಿ, ಟರ್ಬೋಗೂ ಸಿಗಲಿ. ಆಮೇಲೆ ಮೊದಲ ಮೂರ್ನಾಲ್ಕು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ತುಳಿಯದೆ ಹೋಗಿ. ಅಷ್ಟೇ.

ಲೆಕ್ಕ ಬೇಕಾ? ಇಂಥಾ ಗಾಡಿ ನಿಂತು ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತೆ ಅಂದ್ಕೊಳ್ಳಿ. ದಿನಾ 20 ನಿಮಿಷ ಅಂದ್ರೆ ಕಾಲು ಲೀಟರ್. ತಿಂಗಳಲ್ಲಿ 25 ದಿನಕ್ಕೆ ಆರು ಲೀಟರ್ ಮೇಲೆ. ಕೊಬ್ಬರಿ ರೇಟು ಹತ್ತು ರೂಪಾಯಿ ಇಳಿದ್ರೆ ಊಟ ಬಿಡೋ ಚಿಕ್ಕಪ್ಪ ಇದನ್ನ ಅಂಗಳಕ್ಕೆ ಊದ್ತಾರೆ.

ಚಿಕ್ಕಪ್ಪನ್ನ ಪೂರ್ತಿ ಬೈಯೋಕೂ ಆಗಲ್ಲ. ಅವರು ಕಲಿತದ್ದು ಹಳೇ ಜೀಪಲ್ಲಿ. ಕೀ ತಿರುಗಿಸಿ, ಹೀಟರ್ ಹಾಕಿ ಕಾಯಬೇಕು, ಬ್ಯಾಟರಿ ಸತ್ರೆ ನಾಲ್ಕು ಜನ ತಳ್ಳಬೇಕು, ಅದಕ್ಕೇ ರಾತ್ರಿ ಇಳಿಜಾರಲ್ಲೇ ನಿಲ್ಲಿಸೋದು. ಒಂದು ಸಲ ಸ್ಟಾರ್ಟ್ ಆದ ಗಾಡೀನ ಆಫ್ ಮಾಡೋಕೆ ಯಾರಿಗೆ ತಾನೇ ಧೈರ್ಯ? ಲಾರಿ-ಬಸ್ಸಿನವರಿಗೂ ಒಂದು ನ್ಯಾಯವಾದ ಕಾರಣ ಇದೆ, ಏರ್ ಬ್ರೇಕಿಗೆ ಗಾಳಿ ತುಂಬೋಕೆ ಕೆಲವು ನಿಮಿಷ ಬೇಕು. ನಾವೆಲ್ಲ ಬೀರೂರು ಜಂಕ್ಷನ್ನಿನಲ್ಲಿ ಡೀಸೆಲ್ ರೈಲು ಇಂಜಿನ್ನುಗಳು ನಿಂತಲ್ಲೇ ಗುರುಗುಟ್ಟೋದನ್ನ ನೋಡ್ಕೊಂಡೇ ಬೆಳೆದವರು. ಆದ್ರೆ ಆ ರೈಲ್ವೆಯವರೇ ಆಮೇಲೆ ಎಷ್ಟೋ ಇಂಜಿನ್ನುಗಳಿಗೆ ಪಕ್ಕದಲ್ಲೊಂದು ಪುಟ್ಟ ಇಂಜಿನ್ ಕೂರಿಸಿದ್ರು, ದೊಡ್ಡದನ್ನ ಸುಮ್ಮನೆ ಓಡಿಸೋದು ದಂಡ ಅಂತ.

ಚಳಿಗೆ ಡೀಸೆಲ್ ಹೆಪ್ಪುಗಟ್ಟೋ ಜಾಗಾನೂ ಇದೆ, ಇಲ್ಲ ಅಂತಿಲ್ಲ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತಲೇ ಮೈನಸ್ 33 ಡಿಗ್ರಿಯಲ್ಲೂ ಹರಿಯೋ ಚಳಿಗಾಲದ ಡೀಸೆಲ್ ಬಿಟ್ಟಿತು. ಅಲ್ಲಿನ ಡ್ರೈವರ್ ಏನು ಮಾಡಿದ್ರೂ ನಾನು ತುಟಿ ಪಿಟಕ್ ಅನ್ನಲ್ಲ. ಕಡೂರಲ್ಲಿ ಸ್ವೆಟರ್ ಹಾಕ್ಕೊಳ್ಳೋದೇ ವರ್ಷಕ್ಕೆ ಎರಡು ತಿಂಗಳು!

ಹಳ್ಳಿಯವರಿಗೆ ಗೊತ್ತಾಗಲ್ಲ ಬಿಡು ಅಂತ ನಗಬೇಡಿ ಮತ್ತೆ. ನನ್ನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ, ಬಿಎಸ್-6 ಡೀಸೆಲ್ ಕಾರಲ್ಲಿ ಏಸಿ ಹಾಕ್ಕೊಂಡು, ಹೆಂಡ್ತಿ ಲಿಫ್ಟಿಂದ ಇಳಿಯೋವರೆಗೂ ಇಂಜಿನ್ ಓಡಿಸೋ ಟೀಮ್ ಲೀಡ್‌ಗಳನ್ನ ದಿನಾ ನೋಡ್ತೀನಿ. ಆ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಹೀಗೇ ಮಾಡ್ತಿದ್ರೆ ಅದು ಕಟ್ಕೊಳ್ಳುತ್ತೆ, ಬಿಲ್ಲು ನೋಡಿ ಅಳ್ತಾರೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿ ಮುಗಿಸಿದೆ. ಬೇಸ್‌ಮೆಂಟಲ್ಲಿ ಕಾರು ಒರೆಸೋ ಹುಡುಗ ಅದನ್ನೇ ಕುಡೀತಾನೆ.

ಇಷ್ಟೆಲ್ಲ ಚಿಕ್ಕಪ್ಪನಿಗೆ ಹೇಳಿದ್ನಾ? ಹೇಳ್ದೆ. ಕಾಫಿ ಲೋಟ ಕೆಳಗಿಟ್ಟು 'ಗಾಡಿ ನಿಂತ್ರೆ ತಳ್ಳೋಕೆ ನೀನು ಬೆಂಗಳೂರಿಂದ ಬರ್ತೀಯಾ?' ಅಂದ್ರು. ಮಾರನೇ ದಿನ ಐದು ಗಂಟೆಗೆ ಮತ್ತೆ ಸ್ಟಾರ್ಟ್ ಆಯ್ತು. ಆದ್ರೆ ಸದ್ದು ಸ್ವಲ್ಪ ದೂರದಿಂದ. ಎದ್ದು ನೋಡಿದ್ರೆ ಗಾಡಿ ಗೇಟಿನಾಚೆ ರಸ್ತೇಲಿ ನಿಂತಿದೆ, ಮೂತಿ ಈ ಕಡೆ, ಹೊಗೆ ಎದುರುಮನೆ ಕಡೆ. ಎದುರುಮನೆಯಲ್ಲಿ ಒಂದು ಹಸುಗೂಸಿದೆ.

ಸಂಕ್ರಾಂತಿಗೆ ಮತ್ತೆ ಹೋಗ್ತಿದೀನಿ. ಈ ಸಲ ಗಾಡಿ ನಿಂತ್ರೆ ತಳ್ತೀನಿ ಅಂತ ಬರೆದುಕೊಟ್ಟು ನೋಡ್ತೀನಿ. ನಿಮ್ಮನೇಲೂ ಇಂಥಾ ಚಿಕ್ಕಪ್ಪ ಇದ್ರೆ, ಹೇಗೆ ಒಪ್ಪಿಸಿದ್ರಿ ಅಂತ ಒಂದು ಸಾಲು ಬರೀರಪ್ಪಾ.