ಸಿಹಿನೀರೋ, ಉಪ್ಪುನೀರೋ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. "ಮನೆಯಲ್ಲಿ ಮೀನು ಸಾಕಬೇಕು. ನೀಮೋ ಇರುತ್ತದಲ್ಲ, ಅಂಥ ಸಮುದ್ರದ ತೊಟ್ಟಿ ಮಾಡಬಹುದೇ? ಅಪ್ಪ ಬೇಡ ಅನ್ನುತ್ತಾರೆ, ತಾತ ನೋಡೋಣ ಅನ್ನುತ್ತಾರೆ." ಬರೆಯುವವರು ಮೊಮ್ಮಕ್ಕಳು. ಆದರೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಆ ಮೀನಿಗೆ ಊಟ ಹಾಕುವವರು, ನೀರು ಬದಲಿಸುವವರು ಅಜ್ಜ-ಅಜ್ಜಿಯರೇ. ಆದ್ದರಿಂದ ಈ ವಾರದ ಪುಟವನ್ನು ಇಬ್ಬರೂ ಒಟ್ಟಿಗೆ ಕೂತು ಓದಿ.

ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಸಿಹಿನೀರಿನ ತೊಟ್ಟಿ ಇದೆ. ಅದರಲ್ಲಿ ಗಪ್ಪಿ, ಮೋಲಿ, ಜೀಬ್ರಾ ಮೀನುಗಳಿವೆ. ನನ್ನ ತಂಗಿಯ ಮಗನ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇದೆ. ಎರಡರ ಚಂದವನ್ನೂ ಕಂಡಿದ್ದೇನೆ, ಎರಡರ ಚಾಕರಿಯನ್ನೂ ಕಂಡಿದ್ದೇನೆ.

ಎರಡಕ್ಕೂ ಏನು ವ್ಯತ್ಯಾಸ ಎಂದು ತಿಳಿಯಲು ಮೊದಲು ಅಡುಗೆಮನೆಗೆ ಬನ್ನಿ. ನಾಲ್ಕು ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಅವು ಉಬ್ಬಿರುತ್ತವೆ. ಈಗ ಅಜ್ಜಿ ಉಪ್ಪಿನಕಾಯಿ ಹಾಕುವುದನ್ನು ನೆನಪು ಮಾಡಿಕೊಳ್ಳಿ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೆಯ ದಿನ ಹೋಳು ಮುದುಡಿ, ಭರಣಿಯಲ್ಲಿ ನೀರು ನಿಂತಿರುತ್ತದೆ. ಎರಡರಲ್ಲೂ ನಡೆದದ್ದು ಒಂದೇ. ನಡುವೆ ತೆಳುವಾದ ಪೊರೆ ಇದ್ದಾಗ, ಯಾವ ಕಡೆ ಉಪ್ಪು ಅಥವಾ ಸಕ್ಕರೆ ಹೆಚ್ಚಿದೆಯೋ ಆ ಕಡೆಗೆ ನೀರು ಹರಿಯುತ್ತದೆ.

ಸಿಹಿನೀರಿನ ಮೀನು ಆ ದ್ರಾಕ್ಷಿಯ ಹಾಗೆ. ಅದರ ರಕ್ತದಲ್ಲಿ ಕೆರೆಯ ನೀರಿಗಿಂತ ಹೆಚ್ಚು ಉಪ್ಪಿದೆ. ಹಾಗಾಗಿ ಕಿವಿರಿನ ಮೂಲಕ ನೀರು ಹಗಲೂ ರಾತ್ರಿ ಒಳಗೆ ಸೇರುತ್ತಲೇ ಇರುತ್ತದೆ. ಅದು ನೀರು ಕುಡಿಯುವುದೇ ಇಲ್ಲ ಎನ್ನಬಹುದು. ಸೇರಿದ್ದನ್ನೆಲ್ಲ ಮೂತ್ರವಾಗಿ ಹೊರಹಾಕುವುದೇ ಅದಕ್ಕೆ ದೊಡ್ಡ ಕೆಲಸ. ನಾವು ತೊಟ್ಟಿಯಲ್ಲಿ ಸಾಕುವ ಸಮುದ್ರದ ಮೀನು ಮಾವಿನ ಹೋಳಿನ ಹಾಗೆ. ಸುತ್ತಲಿನ ಉಪ್ಪುನೀರು ಅದರ ಮೈಯಿಂದ ನೀರನ್ನು ಸೆಳೆಯುತ್ತಲೇ ಇರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ಮೂಲಕ ಹೊರಗೆ ತಳ್ಳಬೇಕು. "ಮೀನು ನೀರು ಕುಡಿಯುತ್ತದೆಯೇ?" ಎಂದು ಯಾರಾದರೂ ಕೇಳಿದರೆ "ಯಾವ ಮೀನು?" ಎಂದು ಮರುಪ್ರಶ್ನೆ ಹಾಕಿ, ಮಕ್ಕಳೇ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎರಡಡಿ ಉದ್ದದ ಸಾಮಾನ್ಯ ತೊಟ್ಟಿ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಗುಣಿಸಿ ಸಾವಿರದಿಂದ ಭಾಗಿಸಿದರೆ 54 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದರೆ ಈ ಪುಟ್ಟ ತೊಟ್ಟಿಗೇ 1,890 ಗ್ರಾಂ, ಹತ್ತಿರ ಹತ್ತಿರ ಎರಡು ಕಿಲೋ ಬೇಕು! ಅದೂ ಅಡುಗೆಯ ಉಪ್ಪಲ್ಲ. ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇವೆ. ಅವೆಲ್ಲ ಬೆರೆತ ಬೇರೆಯೇ ಉಪ್ಪಿನ ಪುಡಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ, ಉಪಕರಣದಿಂದ ಅಳೆದು, ಆಮೇಲೆ ತೊಟ್ಟಿಗೆ ಹಾಕಬೇಕು. ಪ್ರತಿ ಸಲ 10 ಲೀಟರ್ ನೀರು ಬದಲಿಸಿದರೆ 350 ಗ್ರಾಂ ಉಪ್ಪು ಖರ್ಚು.

ಇನ್ನೊಂದು ಒಗಟು. ಸೆಕೆಗೆ ತೊಟ್ಟಿಯ ನೀರು 5 ಲೀಟರ್ ಆವಿಯಾಯಿತು ಅನ್ನಿ. ಉಪ್ಪುನೀರಿನ ತೊಟ್ಟಿಗೆ ಯಾವ ನೀರು ತುಂಬುತ್ತೀರಿ? "ಉಪ್ಪುನೀರು" ಎಂದಿರಾದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗಿ ಅಲ್ಲಿನ ಉಪ್ಪಿನ ಆಗರಗಳನ್ನು ನೋಡಬೇಕು. ಬಿಸಿಲಿಗೆ ನೀರು ಮಾತ್ರ ಹಾರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ತೊಟ್ಟಿಯಲ್ಲೂ ಅಷ್ಟೇ. ಉಳಿದ 49 ಲೀಟರ್‌ನಲ್ಲಿ ಆ 1,890 ಗ್ರಾಂ ಉಪ್ಪೂ ಇದೆ. ಲೀಟರಿಗೆ 35 ಇದ್ದದ್ದು 38 ದಾಟಿತು. ಹಾಗಾಗಿ ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಅದೂ ದಿನದಿನವೂ ಸ್ವಲ್ಪ ಸ್ವಲ್ಪ. ಮದುವೆಗೆಂದು ನಾಲ್ಕು ದಿನ ಊರಿಗೆ ಹೊರಟರೂ ಯಾರಾದರೊಬ್ಬರಿಗೆ ಈ ಕೆಲಸ ಒಪ್ಪಿಸಿಯೇ ಹೋಗಬೇಕು.

ನಮ್ಮ ಕೆರೆ-ಹಳ್ಳಗಳಲ್ಲಿ ಮಳೆಗಾಲದ ನೀರೇ ಬೇರೆ, ಬೇಸಿಗೆಯ ನೀರೇ ಬೇರೆ. ಅಲ್ಲಿನ ಮೀನಿಗೆ ಬದಲಾವಣೆ ಹೊಸದಲ್ಲ. ಹವಳದ ದಿಬ್ಬದ ಸುತ್ತಲಿನ ಕಡಲು ಹಾಗಲ್ಲ. ಅಲ್ಲಿ ಉಪ್ಪಾಗಲಿ ಬಿಸಿಯಾಗಲಿ ಏರುವುದು ಇಳಿಯುವುದು ಬಹಳ ಕಡಿಮೆ. ಅಲ್ಲಿ ಹುಟ್ಟಿದ ಮೀನಿಗೆ ಸಣ್ಣ ಏರುಪೇರೂ ಕಷ್ಟ. ಜೊತೆಗೆ, ಒಂದೇ ಬಿಸಿಯಲ್ಲಿ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. ಕರೆಂಟು ಹೋಗಿ ಪಂಪ್ ನಿಂತರೆ ನಮ್ಮ ಮನೆಯ ಗಪ್ಪಿಗಳು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ತಂಗಿಯ ಮಗ ಮಾತ್ರ ಬ್ಯಾಟರಿ ಪಂಪ್ ಹುಡುಕಿಕೊಂಡು ಓಡುತ್ತಾನೆ.

ಕರೆಂಟೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬಾಕೆ ಸಮುದ್ರತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ಮನೆಗೆ ತಂದರು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದಾಕೆ ದಿನಾ ತೆರೆದ ಕಿಟಕಿಯ ಬಳಿ ನಿಂತು, ನಾವು ಕಾಫಿ ಆರಿಸುವ ಹಾಗೆ, ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು! 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಸಿಹಿನೀರಿನಲ್ಲಿ ಗೋಲ್ಡ್‌ಫಿಷ್, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗಿಟ್ಟು, ಒಂದು ಇನ್ನೊಂದಕ್ಕೆ ಆಸರೆಯಾಗುವುದನ್ನು ತೋರಿಸಿಕೊಟ್ಟ. ಬೆಳಕಿನಲ್ಲಿ ಗಿಡ ಆಮ್ಲಜನಕ ಕೊಡುತ್ತದೆ, ಕೊಳೆತ ಎಲೆ ಮತ್ತು ಪಾಚಿಯನ್ನು ಬಸವನಹುಳು ತಿನ್ನುತ್ತದೆ.

ಇಷ್ಟು ವ್ಯತ್ಯಾಸ ಇದ್ದರೂ ಎರಡೂ ತೊಟ್ಟಿಗಳಿಗೆ ಒಂದು ಗುಟ್ಟು ಮಾತ್ರ ಒಂದೇ. ಮೀನು ಸಾಕುವವರು ನಿಜವಾಗಿ ಸಾಕುವುದು ನೀರನ್ನು. ನೀರು ಚೆನ್ನಾಗಿದ್ದರೆ ಮೀನು ತಾನಾಗಿಯೇ ಚೆನ್ನಾಗಿರುತ್ತದೆ.

ಮೀನಿನ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಮೀನಿಗೆ ಅದು ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ, ತಳದ ಕಲ್ಲಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ನೀರಿರಲಿ, ಫಿಲ್ಟರ್ ಓಡುತ್ತಿರಲಿ, ಬ್ಯಾಕ್ಟೀರಿಯಾಕ್ಕೆಂದು ಚಿಟಿಕೆ ಮೀನಿನ ಆಹಾರ ಬೀಳುತ್ತಿರಲಿ. ಮೀನು ಮಾತ್ರ ಬೇಡ. ಬೆಳಿಗ್ಗೆ ತೊಟ್ಟಿ ತಂದು ಸಂಜೆ ಮೀನು ಬಿಟ್ಟವರ ಮನೆಯಲ್ಲಿ ಎರಡೇ ವಾರಕ್ಕೆ ಮೀನು ಸತ್ತು ತೇಲುವುದಕ್ಕೆ ಹೆಚ್ಚಾಗಿ ಕಾರಣ ಇದೇ. "ನಿನ್ನೆಯವರೆಗೂ ಚೆನ್ನಾಗಿಯೇ ಇತ್ತಲ್ಲ" ಎಂದು ಅಳುವ ಮಗುವಿಗೆ ಉತ್ತರ ಹೇಳುವುದು ಬಹಳ ಕಷ್ಟ.

ಅಜ್ಜಿಯರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಾಲಿಗೆ ಹೆಪ್ಪು ಹಾಕಿ ಮರುಗಳಿಗೆಯೇ ಮೊಸರು ಬಡಿಸಲಾಗುತ್ತದೆಯೇ? ಹೆಪ್ಪನ್ನು ಪಕ್ಕದ ಮನೆಯಿಂದ ತರುವ ಹಾಗೆ, ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ತಂದು ಹೊಸ ಫಿಲ್ಟರಿನೊಳಗೆ ಇಟ್ಟರೆ ಕೆಲಸ ಬೇಗ ಆಗುತ್ತದೆ. ಸಿಹಿನೀರಿನ ತೊಟ್ಟಿಗೆ ಸಿಹಿನೀರಿನ ಹೆಪ್ಪು, ಉಪ್ಪುನೀರಿನದಕ್ಕೆ ಉಪ್ಪುನೀರಿನದು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಇನ್ನು ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, "ಈ ಮೀನು ಎಲ್ಲಿಂದ ಬಂತು?"

1854ರಲ್ಲಿ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ. ಓದಿದ ಜನಕ್ಕೆ ಹುಚ್ಚು ಹಿಡಿಯಿತು. ಬುಟ್ಟಿ, ಜಾಡಿ ಹಿಡಿದು ಕಡಲತೀರಕ್ಕೆ ಮುಗಿಬಿದ್ದರು. ಬಂಡೆಗಳ ನಡುವಿನ ಹೊಂಡಗಳಲ್ಲಿದ್ದ ಜೀವಿಗಳೆಲ್ಲ ಮನೆಮನೆಯ ಗಾಜಿನ ತೊಟ್ಟಿ ಸೇರಿದವು. ಆ ಹೊಂಡಗಳು ಬರಿದಾದ ಕತೆಯನ್ನು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ನೆನಪಿನ ಪುಸ್ತಕದಲ್ಲಿ ನೊಂದು ಬರೆದ. ಅಪ್ಪ ಪ್ರೀತಿಯಿಂದ ತೋರಿಸಿದ್ದನ್ನೇ ಜನ ಬಾಚಿಕೊಂಡು ಹೋಗಿದ್ದರು.

ಇಂದಿಗೂ ನಾವು ಕೊಳ್ಳುವ ಸಿಹಿನೀರಿನ ಬಣ್ಣದ ಮೀನುಗಳಲ್ಲಿ ಬಹುಪಾಲು ಕೊಳ, ತೊಟ್ಟಿಗಳಲ್ಲಿ ಸಾಕಿ ಮರಿಮಾಡಿಸಿದವು. ಸಮುದ್ರದ ಮೀನುಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳಿಂದಲೇ ಹಿಡಿದು ತಂದವು. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಸಿನಿಮಾದ ಕತೆ ಶುರುವಾಗುವುದೂ ಹಾಗೆ ಹಿಡಿದುಕೊಂಡು ಹೋದದ್ದರಿಂದಲೇ ಅಲ್ಲವೇ? ಹಾಗೆಂದು ಸಿಹಿನೀರಿನವರೆಲ್ಲ ಸಾಚಾ ಎಂದಲ್ಲ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ, ಕೆಂಪು ಗೆರೆಯ 'ಮಿಸ್ ಕೇರಳ' ಮೀನನ್ನು ಅಕ್ವೇರಿಯಂಗಾಗಿ ಹಿಡಿದೂ ಹಿಡಿದೂ ಅದು ಈಗ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಅದೇ ಸಮುದ್ರದ ಕ್ಲೌನ್‌ಫಿಷ್, ಅಂದರೆ ನೀಮೋ, ತೊಟ್ಟಿಯಲ್ಲೇ ಮೊಟ್ಟೆಯಿಟ್ಟು ಮರಿಮಾಡುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮರಿಗಳನ್ನು ಬೆಳೆಸುವ ವಿಧಾನ ಕಂಡುಕೊಂಡು ಇತರರಿಗೂ ಕಲಿಸಿದ್ದಾರೆ. ಅಂಥ ಮರಿಗಳನ್ನು ಕೇಳಿ ಪಡೆಯಿರಿ. ಹವಳ, ಕಡಲಕುದುರೆಗಳ ತಂಟೆಗೆ ಮಾತ್ರ ಹೋಗಬೇಡಿ. 2001ರಿಂದ ಅವು ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಬೇಸರವಾಯಿತೆಂದು ಮೀನನ್ನು ಕೆರೆಗೋ ಕಡಲಿಗೋ ಬಿಡುವುದು ಪುಣ್ಯದ ಕೆಲಸವಲ್ಲ. 'ತೊಟ್ಟಿ ಸ್ವಚ್ಛ ಮಾಡುತ್ತದೆ' ಎಂದು ತರುವ ಬಾಯಿಚೀಪು ಮೀನು ಇಂದು ನಮ್ಮ ಕೆರೆ-ನದಿಗಳಲ್ಲಿ ಬೆಳೆದು ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ಕಡೆಯ ಸಮುದ್ರಗಳ ಸಿಂಹಮೀನು ಅಮೆರಿಕದ ತೊಟ್ಟಿಗಳಿಂದ ಹೊರಬಿದ್ದು ಕೆರಿಬಿಯನ್ ಕಡಲಿನ ಸಣ್ಣ ಮೀನುಗಳನ್ನು ತಿಂದು ಮುಗಿಸುತ್ತಿದೆ. ಸಾಕಲಾಗದಿದ್ದರೆ ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಇನ್ನೊಬ್ಬ ಸಾಕುವವರಿಗೆ ಕೊಡಿ.

ಹಾಗಾದರೆ ನನ್ನ ಉತ್ತರ? ಮೊದಲು ಸಿಹಿನೀರು. ಎರಡಡಿಯ ತೊಟ್ಟಿ, ಒಂದೆರಡು ನೀರುಗಿಡ, ಆರು ವಾರ ಕಾದ ಮೇಲೆ ಐದಾರು ಗಪ್ಪಿ ಅಥವಾ ನಮ್ಮ ದೇಶದ ಹಳ್ಳಗಳದ್ದೇ ಆದ ಜೀಬ್ರಾ ಮೀನು. ಊಟ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣದ ಹನಿ ಮರೆಯಬೇಡಿ. ಹೀಗೆ ಒಂದು ವರ್ಷ, ಪರೀಕ್ಷೆಯ ವಾರವೂ ಸೇರಿ, ತಪ್ಪದೆ ನಡೆಸಿದ ಮಗು ಸಮುದ್ರದ ತೊಟ್ಟಿ ಕೇಳಿದರೆ, ತಾತಂದಿರೇ, ಆಗ ಧಾರಾಳವಾಗಿ ಯೋಚಿಸಿ. ಕ್ಲೌನ್‌ಫಿಷ್ ಹವಳವಿಲ್ಲದೆಯೂ ಸುಖವಾಗಿರುತ್ತದೆ.

ಮಕ್ಕಳೇ, ಈ ವಾರದ ಲೆಕ್ಕ: 90 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಸಮುದ್ರದ ತೊಟ್ಟಿಗೆ ಎಷ್ಟು ಉಪ್ಪು ಬೇಕು? ಉತ್ತರವನ್ನು ಮೊದಲು ತಾತನಿಗೆ ತೋರಿಸಿ. ಅಂಗಡಿಯಿಂದ ಆ ಚೀಲ ಹೊತ್ತು ತರಬೇಕಾದವರು ಅವರೇ ತಾನೇ!