ಹಳೇ ಕಡತ ಸುಡೋ ಮುಂಚೆ ಪಟ್ಟಿ ತೋರಿಸಿ



ವಿಶ್ವವಿದ್ಯಾನಿಲಯಗಳಲ್ಲಿ ಆಗಾಗ ಒಂದು ಸುತ್ತೋಲೆ ಹೊರಡುತ್ತದೆ. ಅಭಿಲೇಖಾಲಯದಲ್ಲಿ ಜಾಗ ಸಾಲದು, ಅವಧಿ ಮೀರಿದ ಕಡತಗಳನ್ನು ವಿಲೇವಾರಿ ಮಾಡತಕ್ಕದ್ದು, ಅಂತ ಎರಡು ಸಾಲು. ಇದನ್ನು ಓದಿ ಯಾವ ಹಾಸ್ಟೆಲಿನಲ್ಲೂ ಸಭೆ ಸೇರೋದಿಲ್ಲ. ಮೆಸ್ಸಿನ ಸಾರು ನೀರಾದರೆ ತಟ್ಟೆ ಬಡೀತಾರೆ, ಸ್ಕಾಲರ್‌ಷಿಪ್ ತಡವಾದರೆ ಧರಣಿ ಕೂರ್ತಾರೆ. ಕಡತದ ಕಟ್ಟುಗಳು ಗುಜರಿ ಲಾರಿ ಹತ್ತುವಾಗ ಮಾತ್ರ ಅದು ಗುಮಾಸ್ತರ ಕೆಲಸ, ನಮಗೇನು ಅನ್ನೋ ಭಾವನೆ. ಆ ಲಾರಿಯಲ್ಲಿ ಹೋಗೋದು ಏನು ಅಂತ ಈ ಸಲ ಬಿಡಿಸಿ ನೋಡೋಣ.

ಮೊದಲೇ ಒಂದು ಮಾತು. ಎಲ್ಲ ಕಾಗದವನ್ನೂ ಕಾಪಾಡಿ ಅಂತ ನಾವು ಹೇಳುತ್ತಿಲ್ಲ. ಚಾಕ್‌ಪೀಸು ಕೊಂಡ ಬಿಲ್ಲು, ರಜೆ ಚೀಟಿ, ಕುರ್ಚಿ ರಿಪೇರಿಯ ಟಿಪ್ಪಣಿ, ಇವನ್ನೆಲ್ಲ ನೂರು ವರ್ಷ ಇಟ್ಟುಕೊಂಡು ಗೆದ್ದಲಿಗೆ ಹಬ್ಬ ಮಾಡಿಸಬೇಕಿಲ್ಲ. ಬೇಡದ ಕಾಗದದ ರಾಶಿಯೊಳಗೆ ಬೇಕಾದ ಕಾಗದ ಸಿಗದೆ ಹೋಗುವುದೂ ಒಂದು ಥರದ ನಾಶವೇ. ತೆಗೆಯಬೇಕಾದ್ದನ್ನು ತೆಗೆಯಲೇಬೇಕು. ನಮ್ಮ ಪ್ರಶ್ನೆ ಇಷ್ಟು: ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡೋರು ಯಾರು? ಯಾರಿಗೆ ತೋರಿಸಿ ಮಾಡ್ತಾರೆ?

ಕರ್ನಾಟಕದ ಸರ್ಕಾರಿ ಕಚೇರಿಗಳ ಪದ್ಧತಿಯಲ್ಲಿ ಕಡತದ ಕೆಲಸ ಮುಗಿದ ಮೇಲೆ ಅದರ ಮೇಲೆ ಒಂದು ಅಕ್ಷರ ಬರೆಯುತ್ತಾರೆ. 'ಎ' ಅಂದ್ರೆ ಶಾಶ್ವತ. 'ಬಿ' 30 ವರ್ಷ. 'ಸಿ' 10 ವರ್ಷ. 'ಡಿ' 5 ವರ್ಷ. 'ಇ' ಒಂದೇ ವರ್ಷ. ಸಾವಿರಾರು ವರ್ಷ ನಮಗೆ ಅಕ್ಷರ ಕೊಡಲಿಲ್ಲ. ಈಗ ನಮ್ಮ ಹಕ್ಕಿನ ಆಯುಸ್ಸನ್ನು ಒಂದು ಅಕ್ಷರದಲ್ಲಿ ಬರೆದು ಮುಗಿಸಬಹುದು. ನೇಮಕಾತಿಯ ರೋಸ್ಟರ್ ಕಡತದ ಮೇಲೆ 'ಡಿ' ಅಂತ ಬಿದ್ದರೆ ಐದು ವರ್ಷಕ್ಕೆ ಅದು ಕಸ. ಹತ್ತನೇ ವರ್ಷ ನಮ್ಮ ಹುಡುಗ ಹೋಗಿ, ನಮ್ಮ ಪಾಲಿನ ಹುದ್ದೆ ಎಲ್ಲಿ ಹೋಯ್ತು ಸ್ವಾಮಿ ಅಂತ ಕೇಳಿದರೆ ಉತ್ತರ ಸಿದ್ಧ: ಅವಧಿ ಮೀರಿದೆ, ನಿಯಮದ ಪ್ರಕಾರ ವಿಲೇವಾರಿ ಆಗಿದೆ. ಸುಳ್ಳು ಹೇಳುವ ಕಷ್ಟವೂ ಇಲ್ಲ.

ರೋಸ್ಟರ್ ಅಂದ್ರೆ ಸರದಿ ಲೆಕ್ಕದ ಪುಸ್ತಕ. ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನೋದನ್ನ ಬಿಂದು ಬಿಂದುವಾಗಿ ಬರೆದಿಡುತ್ತಾರೆ. 1995ರಲ್ಲಿ ಸಭರವಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಏನು? ಮೀಸಲಾತಿಯ ಲೆಕ್ಕ ಖಾಲಿ ಜಾಗದ ಮೇಲಲ್ಲ, ಹುದ್ದೆಯ ಮೇಲೆ. ಪಾಲು ಭರ್ತಿಯಾದ ಮೇಲೆ ಒಂದು ಬಿಂದುವಿನಲ್ಲಿ ಕೂತವರು ನಿವೃತ್ತಿಯಾದರೆ ಅದೇ ವರ್ಗದವರು ಅಲ್ಲಿಗೆ ಬರಬೇಕು. ಹಾಗಾದರೆ ಆ ಬಿಂದುವಿನಲ್ಲಿ ಮೊದಲು ಕೂತಿದ್ದವರು ಯಾರು? ಇಪ್ಪತ್ತೈದು ಮೂವತ್ತು ವರ್ಷ ಕೆಲಸ ಮಾಡಿದ ಮೇಷ್ಟ್ರು ನಿವೃತ್ತಿಯಾದಾಗ ಅವರ ನೇಮಕಾತಿಯ ದಿನದ ಪುಸ್ತಕ ಬೇಕಾಗುತ್ತದೆ. ಆ ಪುಸ್ತಕ ಐದು ವರ್ಷಕ್ಕೇ ಸುಟ್ಟುಹೋಗಿದ್ದರೆ ಲೆಕ್ಕ ಹಾಕೋದು ಯಾವುದರ ಮೇಲೆ? ಪರಿಶಿಷ್ಟರ ಬ್ಯಾಕ್‌ಲಾಗ್ ಹುದ್ದೆ ತುಂಬಲು ರಾಜ್ಯ ಸರ್ಕಾರ 2001ರಲ್ಲಿ ವಿಶೇಷ ನೇಮಕಾತಿ ನಿಯಮ ತಂದಿತು. ಬ್ಯಾಕ್‌ಲಾಗ್ ಅಂದರೇ ಹಿಂದಿನ ಬಾಕಿ. ಬಾಕಿ ಪುಸ್ತಕ ಹರಿದುಹಾಕಿದ ಸಾಹುಕಾರ, ನಿಮಗೆ ಕೊಡೋದು ಏನೂ ಇಲ್ಲ ಕಣಪ್ಪ, ಅಂದ ಹಾಗೆ ಇದು.

ಇದು ಬರೀ ಅನುಮಾನ ಅನ್ನುವವರು ಬಡ್ತಿ ಮೀಸಲಾತಿಯ ಕಥೆ ನೆನಪು ಮಾಡಿಕೊಳ್ಳಲಿ. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ ಕಾಪಾಡಲು ಕರ್ನಾಟಕ 2002ರಲ್ಲಿ ಕಾಯ್ದೆ ಮಾಡಿತ್ತು. 2017ರ ಫೆಬ್ರವರಿ 9ರಂದು ಪವಿತ್ರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಕಾರಣ ಏನು? ಪರಿಶಿಷ್ಟರ ಪ್ರಾತಿನಿಧ್ಯ ಸಾಲದು ಅನ್ನುವುದಕ್ಕೆ ಅಂಕಿ ಅಂಶ ಸಂಗ್ರಹಿಸಿಲ್ಲ ಅಂತ. ನೋಡಿ, ಕಣ್ಣಿಗೆ ಕಾಣುವ ಅನ್ಯಾಯ ಕೋರ್ಟಿಗೆ ಸಾಕಾಗಲಿಲ್ಲ, ಲೆಕ್ಕ ಬೇಕಾಯಿತು. ಬಡ್ತಿ ಪಡೆದ ನಮ್ಮ ನೌಕರರು ಹಿಂಬಡ್ತಿಯ ಭಯದಲ್ಲಿ ಕಾಲ ಕಳೆದರು. ಆಮೇಲೆ ಸರ್ಕಾರ ರತ್ನಪ್ರಭಾ ಸಮಿತಿ ಮಾಡಿ, ಇಲಾಖೆ ಇಲಾಖೆಯಿಂದ 1984ರಷ್ಟು ಹಿಂದಿನ ಲೆಕ್ಕ ತೆಗೆಸಿತು. 2018ರಲ್ಲಿ ಹೊಸ ಕಾಯ್ದೆ ಬಂತು. 2019ರ ಮೇ 10ರಂದು ಅದೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಎರಡು ತೀರ್ಪುಗಳ ನಡುವೆ ಬದಲಾದದ್ದು ನಮ್ಮ ಸ್ಥಿತಿಯೇನಲ್ಲ, ಕಾಗದದಲ್ಲಿ ಇದ್ದ ಲೆಕ್ಕ ಹೊರಗೆ ಬಂತು. 1984ರ ಪುಸ್ತಕಗಳೆಲ್ಲ ರದ್ದಿಗೆ ಹೋಗಿದ್ದರೆ?

ಹಿಂದಕ್ಕೂ ಹೀಗೇ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೂತ ಮಿಲ್ಲರ್ ಸಮಿತಿ ಯಾವ ಕೋಮಿನವರು ಎಷ್ಟು ಹುದ್ದೆಯಲ್ಲಿದ್ದಾರೆ ಅನ್ನುವ ಲೆಕ್ಕ ಹಿಡಿದೇ ಮಾತಾಡಿತು. 1975ರಲ್ಲಿ ವರದಿ ಕೊಟ್ಟ ಹಾವನೂರ್ ಆಯೋಗವೂ ಅಷ್ಟೇ. 2024ರ ಆಗಸ್ಟ್ 1ರಂದು ಒಳಮೀಸಲಾತಿಗೆ ದಾರಿ ಬಿಟ್ಟ ಏಳು ನ್ಯಾಯಮೂರ್ತಿಗಳ ಪೀಠವೂ ಅಂಕಿ ಅಂಶದ ಆಧಾರ ಇರಬೇಕು ಅಂದಿತು. ನಮ್ಮೊಳಗೇ ಯಾರಿಗೆ ಎಷ್ಟು ಸಿಕ್ಕಿತು, ಯಾರು ಬಾಗಿಲಲ್ಲೇ ನಿಂತರು ಅಂತ ಎಡಗೈ ಬಲಗೈ ಅಣ್ಣತಮ್ಮಂದಿರು ಕೂತು ನಿಜ ಮಾತಾಡಬೇಕಾದರೂ ಹಳೇ ದಾಖಲಾತಿ ರಿಜಿಸ್ಟರು ಬೇಕು. ಅದಿಲ್ಲದೆ ಹೋದರೆ ಉಳಿಯೋದು ಜಗಳ ಮಾತ್ರ.

ಊರಿನಿಂದ ಬಂದ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1978ರ ಪರಭಾರೆ ನಿಷೇಧ ಕಾಯ್ದೆಯಲ್ಲಿ ಕಳೆದುಹೋದ ಮಂಜೂರಾತಿ ಜಮೀನು ವಾಪಸ್ಸು ಕೇಳಲು ಎ.ಸಿ. ಕೋರ್ಟಿಗೆ ಅಲೆದ ಅಪ್ಪ, ದೊಡ್ಡಪ್ಪಂದಿರು ನಮ್ಮ ಕೇರಿಗಳಲ್ಲಿ ಇದ್ದಾರೆ. ಮಂಜೂರಾತಿ ಕಡತ ತನ್ನಿ ಅಂತಾರೆ. ತಾಲ್ಲೂಕು ಕಚೇರಿಗೆ ಹೋದರೆ, ಕಡತ ಲಭ್ಯವಿಲ್ಲ ಅಂತ ಹಿಂಬರಹ ಕೊಡ್ತಾರೆ. ಆ ಎರಡು ಪದಕ್ಕೆ ಎರಡು ಎಕರೆ ಹೋಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಜಮೀನು ನುಂಗುವ ಅದೇ ಪದ ವಿಶ್ವವಿದ್ಯಾನಿಲಯದಲ್ಲಿ ಹುದ್ದೆ ನುಂಗುತ್ತದೆ, ಸೀಟು ನುಂಗುತ್ತದೆ.

ಪರೀಕ್ಷೆಯ ವಿಷಯಕ್ಕೆ ಬರೋಣ. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅದೇ ತೀರ್ಪು ಇನ್ನೊಂದು ಮಾತೂ ಹೇಳಿದೆ: ಪತ್ರಿಕೆಯನ್ನು ಇಟ್ಟುಕೊಳ್ಳಬೇಕಾದ ಅವಧಿಯೊಳಗೆ ಮಾತ್ರ ಈ ಹಕ್ಕು. ಅವಧಿ ಮುಗಿದು ಪತ್ರಿಕೆ ಹೋದರೆ ಹಕ್ಕೂ ಹೋಯಿತು. ನಮ್ಮ ಎಷ್ಟು ಜನಕ್ಕೆ ತಮ್ಮ ವಿಶ್ವವಿದ್ಯಾನಿಲಯ ಉತ್ತರ ಪತ್ರಿಕೆಯನ್ನು ಎಷ್ಟು ದಿನ ಇಡುತ್ತದೆ ಅಂತ ಗೊತ್ತು? ವೈವಾದಲ್ಲಿ, ಇಂಟರ್‌ನಲ್ ಅಂಕದಲ್ಲಿ ಕತ್ತು ಕುಯ್ದರೆ ಮೊದಲು ಕೇಳಬೇಕಾದದ್ದು ಅದೇ.

ಇನ್ನು ಎರಡನೇ ಅನ್ಯಾಯ. ಉಳಿಯಬೇಕಾದ್ದು ಸುಟ್ಟುಹೋಗೋದು ಒಂದಾದರೆ, ನಾಶವಾಗಬೇಕಾದ್ದು ಬೀದಿಗೆ ಬೀಳೋದು ಇನ್ನೊಂದು. ಹಾಸ್ಟೆಲ್ ಅರ್ಜಿಯಲ್ಲಿ ಏನೇನು ಬರೆದುಕೊಟ್ಟಿರುತ್ತೀವಿ? ಜಾತಿ, ಅಪ್ಪನ ಕೂಲಿ, ಅವ್ವನ ಕಾಯಿಲೆ, ಬ್ಯಾಂಕ್ ಖಾತೆ, ಆಧಾರ್ ನಕಲು, ಫೋಟೋ. ಹೆಣ್ಣುಮಕ್ಕಳು ಕೊಟ್ಟ ದೂರುಗಳು ಬೇರೆ. ಇವನ್ನು ಕೇಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದರೆ ಅದು ಕಡಲೆಕಾಯಿ ಪೊಟ್ಟಣವಾಗಿ ಯಾರ ಕೈಗೆ ಹೋಗುತ್ತದೋ ಯಾರು ಬಲ್ಲರು. ನಮ್ಮ ಬಡತನ ಬಸ್‌ಸ್ಟ್ಯಾಂಡಿನಲ್ಲಿ ಮಾರಾಟದ ಸರಕಲ್ಲ. ಅವಧಿ ಮುಗಿದ ಇಂಥ ಕಾಗದವನ್ನು ಯಂತ್ರಕ್ಕೆ ಹಾಕಿ ಚೂರು ಮಾಡಬೇಕು, ಇಲ್ಲ ಎದುರಿಗೇ ನಿಂತು ಸುಡಿಸಬೇಕು. ವಿಲೇವಾರಿ ಅಂದರೆ ಇದು. ಲಾರಿಗೆ ತುಂಬಿ ಕೈ ತೊಳೆದುಕೊಳ್ಳೋದು ವಿಲೇವಾರಿ ಆಗೋದಿಲ್ಲ.

ಕಾನೂನು ಇಲ್ಲವಾ? ಇದೆ. ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರದ್ದು, ಅದರ ನಿಯಮಗಳು 1997ರವು. ಕೇಂದ್ರದ ಸಂಸ್ಥೆಗಳು, ಕೇಂದ್ರೀಯ ವಿಶ್ವವಿದ್ಯಾನಿಲಯಗಳು ಅದರೊಳಗೆ ಬರುತ್ತವೆ. ಅದರ ಪ್ರಕಾರ 25 ವರ್ಷ ದಾಟಿದ ದಾಖಲೆಯನ್ನು ಪರಿಶೀಲನೆ ಮಾಡಿಸದೆ ನಾಶ ಮಾಡುವ ಹಾಗಿಲ್ಲ. ನಾಶ ಮಾಡಬೇಕೆಂದಿರುವ ಕಡತಗಳ ಪಟ್ಟಿ ಮಾಡಬೇಕು, ಆ ಪಟ್ಟಿಯನ್ನು ಶಾಶ್ವತವಾಗಿ ಇಡಬೇಕು. ಸುಡುವುದೋ ಚೂರು ಮಾಡುವುದೋ ದಾಖಲೆ ಅಧಿಕಾರಿಯ ಎದುರಿಗೇ ನಡೆಯಬೇಕು. ನಿಯಮ ಮುರಿದು ನಾಶ ಮಾಡಿದವರಿಗೆ 5 ವರ್ಷದವರೆಗೆ ಜೈಲು, ಇಲ್ಲ 10,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಕರ್ನಾಟಕವೂ 2010ರ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ ಮಾಡಿಕೊಂಡಿದೆ. ದಾಖಲೆ ನೋಡಿಕೊಳ್ಳಲು ರಾಜ್ಯ ಪತ್ರಾಗಾರ ಇಲಾಖೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಪ್ರತಿ ಸಾರ್ವಜನಿಕ ಸಂಸ್ಥೆಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡಬೇಕು ಅನ್ನುತ್ತದೆ. ಕಾನೂನು ಬೀರುವಿನಲ್ಲಿದೆ, ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದೇ ಪ್ರಶ್ನೆ.

ಈಗ ಹೊಸದೊಂದು ಸಬೂಬು ಬಂದಿದೆ: ಎಲ್ಲ ಸ್ಕ್ಯಾನ್ ಮಾಡಿಸಿದ್ದೀವಿ, ಕಾಗದ ಯಾಕೆ ಬೇಕು? ಸ್ಕ್ಯಾನ್ ಮಾಡಲಿ, ನಾವು ಬೇಡ ಅನ್ನೋದಿಲ್ಲ. ಆದರೆ ಹಾಳೆಯ ಹಿಂದುಗಡೆಯ ಷರಾ ಬಂತಾ? ಅಂಚಿನಲ್ಲಿ ಬರೆದ ಪೆನ್ಸಿಲ್ ಟಿಪ್ಪಣಿ ಓದೋ ಹಾಗಿದೆಯಾ? ಹೆಸರು ಹಾಕಿ ಹುಡುಕಿದರೆ ಸಿಗುತ್ತಾ? ಒಬ್ಬರು ಮೂಲ ಹಿಡಿದು, ಇನ್ನೊಬ್ಬರು ಪರದೆ ನೋಡಿ ತಾಳೆ ಹಾಕಿ ಸಹಿ ಮಾಡಿದರಾ? ಇಷ್ಟಾಗದೆ ಮೂಲವನ್ನು ಸುಟ್ಟರೆ ಅದಕ್ಕೆ ಆಧುನಿಕತೆ ಅಂತ ನಾವು ಕರೆಯೋದಿಲ್ಲ.

ಕೆಲವು ಕಾಗದದ ಬೆಲೆ ಗೊತ್ತಾಗುವುದಕ್ಕೇ ಕಾಲ ಬೇಕು. ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ಹೋದಾಗ ಅಚ್ಚಾಗದ ಬರಹಗಳ ರಾಶಿ ಬಿಟ್ಟುಹೋದರು. 1979ರಿಂದ ಮಹಾರಾಷ್ಟ್ರ ಸರ್ಕಾರ ವಸಂತ ಮೂನ್ ಅವರ ಸಂಪಾದಕತ್ವದಲ್ಲಿ ಸಂಪುಟಗಳನ್ನು ತರಲು ಶುರು ಮಾಡಿತು. ‘ರಿಡಲ್ಸ್ ಇನ್ ಹಿಂದೂಯಿಸಂ’ ಅಚ್ಚಿಗೆ ಬಂದದ್ದು 1987ರಲ್ಲಿ, ಅವರು ಹೋಗಿ 31 ವರ್ಷಕ್ಕೆ. ನಮ್ಮ ಕಚೇರಿಗಳ 'ಬಿ' ವರ್ಗದ ಲೆಕ್ಕದಲ್ಲಿ ಅವಧಿ ಮೀರಿ ಒಂದು ವರ್ಷ ಆಗಿತ್ತು! 1973ರ ಬೂಸಾ ಗಲಾಟೆಯಂಥ ದಿನಗಳಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಅಂಥ ದಿನಗಳ ಹಾಸ್ಟೆಲ್ ರಿಜಿಸ್ಟರು, ವಾರ್ಡನ್ನರ ಪತ್ರ, ಶಿಸ್ತು ಕ್ರಮದ ಕಡತ ಇವು ಗುಮಾಸ್ತರ ಕಣ್ಣಿಗೆ ಹಳೇ ಕಾಗದ. ನಮಗೆ ಅದು ಚರಿತ್ರೆ. ನಮ್ಮ ಅಜ್ಜ ಅಜ್ಜಿಯರ ಹೆಸರು ಶಾಸನದಲ್ಲಿಲ್ಲ, ತಾಮ್ರಪಟದಲ್ಲಿಲ್ಲ. ನಮ್ಮ ಮೊದಲ ತಲೆಮಾರು ಓದಿಗೆ ಬಂದ ಗುರುತು ಇರೋದು ದಾಖಲಾತಿ ರಿಜಿಸ್ಟರಿನಲ್ಲಿ, ಸ್ಕಾಲರ್‌ಷಿಪ್ ಬಟವಾಡೆ ಪಟ್ಟಿಯ ಸಹಿಯಲ್ಲಿ.

ಇನ್ನೊಂದು ಮಾತು. ಅಭಿಲೇಖಾಲಯದ ಧೂಳು ಕುಡಿದು ಕಟ್ಟು ಹೊರುವವರು ಬಹುಮಟ್ಟಿಗೆ ನಮ್ಮವರೇ, ಗುತ್ತಿಗೆಯ ಅಣ್ಣಂದಿರು, ಅಕ್ಕಂದಿರು. ಮೂಗಿಗೆ ಬಟ್ಟೆ ಇಲ್ಲ, ಕೈಗೆ ಗವಸಿಲ್ಲ. ಪಟ್ಟಿಗೆ ಸಹಿ ಹಾಕುವ ಮೇಜಿನ ಸುತ್ತ ಮಾತ್ರ ನಮ್ಮವರು ಕಾಣೋದಿಲ್ಲ. ಹೊರಲು ನಾವು, ತೀರ್ಮಾನಕ್ಕೆ ಅವರು. ಈ ಹಳೇ ಪದ್ಧತಿಯನ್ನು ಮೊದಲು ವಿಲೇವಾರಿ ಮಾಡಬೇಕು.

ನಮ್ಮ ಒತ್ತಾಯಗಳು:

1. ರೋಸ್ಟರ್, ನೇಮಕಾತಿ, ಬಡ್ತಿ, ದಾಖಲಾತಿ, ಸ್ಕಾಲರ್‌ಷಿಪ್ ಬಟವಾಡೆ ಮತ್ತು ಜಾತಿ ತಾರತಮ್ಯದ ದೂರಿನ ವಿಚಾರಣೆ, ಇವುಗಳ ಮೂಲ ದಾಖಲೆಗಳನ್ನು 'ಎ' ವರ್ಗಕ್ಕೆ ಸೇರಿಸಬೇಕು.

2. ಯಾವ ಕಡತ ಎಷ್ಟು ವರ್ಷ ಅನ್ನುವ ಅವಧಿಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ ಪ್ರತಿ ವಿಭಾಗ, ಪ್ರತಿ ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಹಾಕಬೇಕು.

3. ನಾಶ ಮಾಡುವ ಮುಂಚೆ ಕಡತಗಳ ಪಟ್ಟಿಯನ್ನು ಮೂವತ್ತು ದಿನ ಎಲ್ಲರ ನೋಟಕ್ಕೆ ಇಡಬೇಕು. ಆಕ್ಷೇಪಣೆ ಬಂದ ಕಡತವನ್ನು ಮುಟ್ಟಬಾರದು.

4. ಪರಿಶೀಲನಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಅಧ್ಯಾಪಕರು ಮತ್ತು ವಿದ್ಯಾರ್ಥಿ ಪ್ರತಿನಿಧಿ ಇರಬೇಕು. ಪತ್ರಾಗಾರ ಇಲಾಖೆಯವರನ್ನು ಕರೆಸಬೇಕು.

5. ಖಾಸಗಿ ವಿವರ ಇರುವ ಕಾಗದ ಗುಜರಿಗೆ ಹೋಗಕೂಡದು. ಚೂರು ಮಾಡಿದ ದಿನ, ಜಾಗ, ಸಾಕ್ಷಿಗಳ ಸಹಿ ಪುಸ್ತಕದಲ್ಲಿ ಇರಬೇಕು.

6. ಅಭಿಲೇಖಾಲಯದಲ್ಲಿ ದುಡಿಯುವವರಿಗೆ ಮುಖಗವಸು, ಕೈಗವಸು ಮತ್ತು ಪೂರಾ ಕೂಲಿ ಕೊಡಬೇಕು.

ಒತ್ತಾಯ ಬರೆದು ಕೂತರೆ ಅದೂ ಒಂದು ಕಡತವಾಗಿ 'ಇ' ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಹಾಸ್ಟೆಲಿನ ಗೆಳೆಯರು ಈ ವಾರವೇ ಕೆಲಸ ಹಿಡಿಯಬೇಕು. ಒಬ್ಬೊಬ್ಬರು ಒಂದೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡು ಇದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಒಬ್ಬರು ಅವಧಿಪಟ್ಟಿ ಕೇಳಿ. ಒಬ್ಬರು ಕಳೆದ ಹತ್ತು ವರ್ಷದಲ್ಲಿ ನಾಶವಾದ ಕಡತಗಳ ಪಟ್ಟಿ ಕೇಳಿ. ಒಬ್ಬರು ರೋಸ್ಟರ್ ಕೇಳಿ. ಖಾಸಗಿ ಮಾಹಿತಿ ಅಂತ ತಳ್ಳಿಹಾಕದ ಹಾಗೆ ಹೆಸರು ಬಿಟ್ಟು ಬಿಂದು, ವರ್ಗ, ವರ್ಷ ಮಾತ್ರ ಕೇಳಿದರೆ ಸಾಕು. ಅರ್ಜಿ ಬಿದ್ದ ಮೇಲೆ ಅದೇ ಮಾಹಿತಿಯನ್ನು ನಾಶ ಮಾಡಿದ ಅಧಿಕಾರಿಗೆ 25,000 ರೂಪಾಯಿವರೆಗೆ ದಂಡ ಬೀಳುತ್ತದೆ. ಹಾಗಾಗಿ ಸುತ್ತೋಲೆ ಬಂದ ದಿನವೇ ಅರ್ಜಿ ಬೀಳಬೇಕು. ಸ್ವೀಕೃತಿ ಚೀಟಿ ಜೋಪಾನ, ಅದರ ನಕಲು ಇನ್ನೊಬ್ಬರ ಟ್ರಂಕಿನಲ್ಲಿರಲಿ.

ಉತ್ತರ ಬಂದರೆ ಕೂತು ಲೆಕ್ಕ ಹಾಕೋಣ. ಬರದೆ ಹೋದರೆ ಕುಲಸಚಿವರ ಬಾಗಿಲಲ್ಲಿ ಎಲ್ಲರೂ ಸೇರೋಣ. ನಮ್ಮ ಲೆಕ್ಕ ತೀರುವ ತನಕ ಪುಸ್ತಕ ಮುಚ್ಚೋಕೆ ಬಿಡಬಾರದು.

ಜೈ ಭೀಮ್.