ಬಿಸಿಲುನಾಡಿಗೆ ಒಗ್ಗುವ ಎಲೆ

ಬೇಸಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ ಮಧ್ಯಾಹ್ನಗಳಲ್ಲಿಯೂ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬೇವು ಹಸುರಾಗಿ ನಿಲ್ಲುವುದನ್ನು ನಾವು ಎಷ್ಟು ಸಹಜವೆಂದು ಬಗೆದಿರುವೆವೆಂದರೆ, ಆ ಹಸುರಿಗೆ ಆಧಾರವಾದ ಪತ್ರರಚನೆಯನ್ನು ಕುರಿತು ವಿಚಾರಿಸುವವರೇ ವಿರಳ. ನಗರದಲ್ಲಿ ಗಿಡ ನೆಡಿಸುವ ಹೊಣೆ ಹೊತ್ತವರಾದರೂ ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದ್ಯುತಿಸಂಶ್ಲೇಷಣೆಗೆ ಬೇಕಾದ ಇಂಗಾಲದ ಡೈಆಕ್ಸೈಡು ಒಳಬರಲು ಪತ್ರರಂಧ್ರಗಳು ತೆರೆಯಬೇಕು. ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಡುವುದು. ಆ ಅನಿಲದ ಒಂದು ಅಣುವನ್ನು ಗಳಿಸುವಷ್ಟರಲ್ಲಿ ಸಾಮಾನ್ಯ ಸಸ್ಯವು ನೀರಿನ ನೂರಾರು ಅಣುಗಳನ್ನು ಕಳೆದುಕೊಳ್ಳುತ್ತದೆ. ಅಗಲವಾದ ಎಲೆಯ ಮೇಲೆ ನಿಶ್ಚಲವಾಯುವಿನ ಪದರ ದಪ್ಪವಾಗಿರುವುದರಿಂದ, ಅದು ತಂಪಾಗಿರಲು ನೀರನ್ನೇ ವ್ಯಯಿಸಬೇಕು. ವಿಜಯದಶಮಿಯಂದು ಬಂಗಾರವೆಂದು ನಾವು ಹಂಚಿಕೊಳ್ಳುವ ಬನ್ನಿಯ ಕಿರಿಯೆಲೆಯಾದರೋ ಬೀಸುವ ಗಾಳಿಗೇ ತನ್ನ ಕಾವನ್ನು ಒಪ್ಪಿಸಿಬಿಡುತ್ತದೆ. ಥಾರ್ ಮರುಭೂಮಿಯಲ್ಲಿ ಖೇಜಡಿಯೆಂದು ಪೂಜಿತವಾದ ಮರವೂ ಇದೇ ಬನ್ನಿ.

ಪಾಪಾಸುಕಳ್ಳಿಯು ಎಲೆಯನ್ನು ಮುಳ್ಳಾಗಿಸಿ, ಆಹಾರಸೃಷ್ಟಿಯ ಭಾರವನ್ನು ಚಪ್ಪಟೆಯಾದ ಹಸುರು ಕಾಂಡಕ್ಕೆ ವಹಿಸಿದೆ. ಬಹುತೇಕ ರಾತ್ರಿಯಲ್ಲೇ ರಂಧ್ರಗಳನ್ನು ತೆರೆದು, ಗಳಿಸಿದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಅವುಗಳನ್ನು ಮುಚ್ಚಿಕೊಂಡೇ ಬಳಸುತ್ತದೆ. ಕಪ್ಪುಮಣ್ಣಿನಲ್ಲಿ ಉಳಿದ ತೇವವನ್ನೇ ನೆಚ್ಚಿದ ಹಿಂಗಾರಿ ಬಿಳಿಜೋಳದ ಮಾರ್ಗ ಬೇರೆ. ಅದರ ಎಲೆಯ ನಾಳಗಳನ್ನು ಸುತ್ತುವರಿದ ಜೀವಕೋಶಗಳು ಇಂಗಾಲವನ್ನು ಒಂದೆಡೆ ಸಾಂದ್ರಗೊಳಿಸುವುದರಿಂದ ರಂಧ್ರಗಳು ಕಿರಿದಾಗಿದ್ದರೂ ಕೆಲಸ ಸಾಗುತ್ತದೆ. ಬರ ಬಿಗಿದಾಗ ಮೇಣದ ಲೇಪವುಳ್ಳ ಆ ಎಲೆ ಸುರುಳಿಸುತ್ತಿಕೊಂಡು ಬಿಸಿಲಿಗೆ ತೋರುವ ಮೈಯನ್ನೇ ಕಡಮೆ ಮಾಡುತ್ತದೆ. ನಮ್ಮ ರೊಟ್ಟಿಯ ಹಿಂದೆ ಇಷ್ಟು ಸೂಕ್ಷ್ಮವಾದ ಮಿತವ್ಯಯವಿದೆ.

ಅಗಲವಾದ ಎಲೆಯನ್ನು ನಾನು ಹಳಿಯುತ್ತಿಲ್ಲ. ಕಮಲಾಪುರದ ಕೆಂಪುಬಾಳೆ ನೀರು, ಗೊಬ್ಬರ ಎರಡನ್ನೂ ಧಾರಾಳವಾಗಿ ಬೇಡುವ ಬೆಳೆ. ನಡುಹಗಲಿನಲ್ಲಿ ಬಾಳೆಯ ಎಲೆ ನಡುದಿಂಡಿನ ಎರಡು ಕಡೆಗೂ ಮಡಿಚಿ ಇಳಿಬೀಳುವುದು, ಗಾಳಿಗೆ ಸೀಳುವುದು ಕೂಡ ಕಾವಿನಿಂದ ಪಾರಾಗಲು ನೆರವಾಗುತ್ತವೆ. ಆದರೆ ತೋಟಕ್ಕೆ ಸಲ್ಲುವ ಆ ಔದಾರ್ಯ ನಗರದ ಬೀದಿಗೆ ಸಲ್ಲದು. ಹಾಗೆಂದು ಕಳ್ಳಿಯನ್ನೇ ಎಲ್ಲೆಡೆ ನೆಡಲಾಗದು. ಮರವು ನೆರಳಿನಿಂದ ಮಾತ್ರವಲ್ಲದೆ ತಾನು ಬಿಡುವ ನೀರಾವಿಯಿಂದಲೂ ಸುತ್ತಣ ಗಾಳಿಯನ್ನು ತಣಿಸುವುದರಿಂದ, ನೀರನ್ನು ತೀರ ಬಿಗಿಹಿಡಿಯುವ ಸಸ್ಯದಿಂದ ದಾರಿಹೋಕರಿಗೆ ದೊರೆಯುವ ತಂಪು ಅಲ್ಪ. ಆಳಕ್ಕೆ ಬೇರಿಳಿಸಿ, ಕಿರಿಯೆಲೆಗಳನ್ನು ದಟ್ಟವಾಗಿ ಹರಡುವ ಬೇವು ಮತ್ತು ಹುಣಿಸೆಗಳೇ ಇಲ್ಲಿ ಯೋಗ್ಯವಾದ ಮಧ್ಯಮಮಾರ್ಗ. ದಿನವೂ ನೀರು ಬೇಡುವ ಹುಲ್ಲುಹಾಸಿಗೆ ಮೀಸಲಾದ ನೆಲದಲ್ಲಿ ಅರ್ಧವನ್ನಾದರೂ ಈ ಮರಗಳಿಗೂ ಬನ್ನಿಗೂ ಬಿಟ್ಟುಕೊಟ್ಟು, ಮುಂಗಾರಿಗೆ ಮೊದಲೇ ನರ್ಸರಿಗಳಲ್ಲಿ ಇವುಗಳ ಸಸಿಗಳನ್ನು ಸಿದ್ಧಪಡಿಸಬೇಕು.